ಯಂತ್ರ ಕೆಡುವ ಮೊದಲೋ, ಕೆಟ್ಟ ಮೇಲೋ? ಗಣಕಯಂತ್ರದ ಅಣಕು ಪ್ರಯೋಗ ಕಲಿಸುವ ಪಾಠ

ಬೇಸಾಯದಲ್ಲಿ ಯಂತ್ರೋಪಕರಣಗಳ ಬಳಕೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಉಳುಮೆಗೆ ಟ್ರ್ಯಾಕ್ಟರ್ ಅಥವಾ ಪವರ್ ಟಿಲ್ಲರ್, ನೀರಾವರಿಗೆ ಪಂಪ್‌ಸೆಟ್, ಔಷಧಿ ಸಿಂಪಡಿಸಲು ಪವರ್ ಸ್ಪ್ರೇಯರ್, ಒಕ್ಕಣೆಗೆ ಒಕ್ಕಣೆ ಯಂತ್ರ ಹೀಗೆ ಒಂದಲ್ಲ ಒಂದು ಯಂತ್ರವಿಲ್ಲದ ಮನೆ ಇಂದು ಅಪರೂಪ. ಯಂತ್ರ ಕೊಳ್ಳುವಾಗ ರೈತರು ಹತ್ತಾರು ಜನರನ್ನು ವಿಚಾರಿಸುತ್ತಾರೆ. ಆದರೆ ಕೊಂಡ ಮೇಲೆ ಅದನ್ನು ಯಾವ ಕ್ರಮದಲ್ಲಿ ನೋಡಿಕೊಳ್ಳಬೇಕೆಂಬುದನ್ನು ವಿಚಾರಿಸುವವರು ಕಡಿಮೆ. "ಓಡುತ್ತಿರುವಾಗ ಮುಟ್ಟುವುದೇಕೆ? ಕೆಟ್ಟಾಗ ನೋಡಿಕೊಂಡರಾಯಿತು" ಎಂಬ ಮಾತೇ ಹೆಚ್ಚಾಗಿ ಕೇಳಿಬರುತ್ತದೆ.

ಈ ಮಾತಿನ ಬೆಲೆ ತಿಳಿಯುವುದು ಹಂಗಾಮಿನಲ್ಲಿ. ಮುಂಗಾರು ಮಳೆ ಬಿದ್ದ ಮೇಲೆ ಬಿತ್ತನೆಯ ಹದ ಹಲವು ಕಡೆ ಕೆಲವೇ ದಿನ ನಿಲ್ಲುತ್ತದೆ. ಅದೇ ಹೊತ್ತಿಗೆ ಟ್ರ್ಯಾಕ್ಟರ್ ನಿಂತು, ಪೇಟೆಯಿಂದ ಬಿಡಿಭಾಗ ಬರುವ ವೇಳೆಗೆ ಹದ ಆರಿದರೆ, ನಷ್ಟ ಬಿಡಿಭಾಗದ ಬೆಲೆಯಷ್ಟೇ ಅಲ್ಲ. ಒಂದು ಬೆಳೆಯ ಇಳುವರಿಯೇ ಕೈಬಿಟ್ಟೀತು. ಇನ್ನೊಂದು ಕಡೆ, ಯಾರೋ ಹೇಳಿದರೆಂದು ಚೆನ್ನಾಗಿರುವ ಭಾಗಗಳನ್ನೂ ಬಿಚ್ಚಿ ಬದಲಾಯಿಸಿ ದುಡ್ಡು ಕಳೆದುಕೊಳ್ಳುವವರೂ ಇದ್ದಾರೆ. ಈ ಎರಡರಲ್ಲಿ ಸರಿಯಾದ ದಾರಿ ಯಾವುದು? ಯಾವ ಭಾಗವನ್ನು ಕೆಡುವ ಮೊದಲೇ ಬದಲಾಯಿಸಬೇಕು, ಯಾವುದನ್ನು ಕೆಡುವವರೆಗೂ ಬಿಡಬಹುದು?

ಅನುಭವವೇ ಗುರು ಎನ್ನುತ್ತೇವೆ. ಆದರೆ ಒಂದು ಬೇರಿಂಗ್ ಮೂರು ವರ್ಷಕ್ಕೊಮ್ಮೆ ಕೆಡುವುದಾದರೆ, ಮೂವತ್ತು ವರ್ಷ ಬೇಸಾಯ ಮಾಡಿದವರೂ ಅದು ಕೆಟ್ಟಿದ್ದನ್ನು ಹತ್ತೇ ಸಲ ಕಂಡಿರುತ್ತಾರೆ. ಹತ್ತು ಸಲದ ಅನುಭವದಲ್ಲಿ ಅದೃಷ್ಟದ ಪಾಲೆಷ್ಟು, ಕ್ರಮದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಈ ಕೊರತೆಯನ್ನು ತುಂಬಲು ಇಂಜಿನಿಯರುಗಳು ಗಣಕಯಂತ್ರದ ನೆರವು ಪಡೆದಿದ್ದಾರೆ. ಆ ವಿಧಾನವನ್ನೂ, ಅದರಿಂದ ರೈತರು ಕಲಿಯಬಹುದಾದುದನ್ನೂ ಇಲ್ಲಿ ವಿವರಿಸಲಾಗಿದೆ.

ನಿರ್ವಹಣೆಯ ಮೂರು ದಾರಿಗಳು

ಯಂತ್ರಗಳನ್ನು ನೋಡಿಕೊಳ್ಳುವ ಕ್ರಮಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

1. ಕೆಟ್ಟ ಮೇಲೆ ದುರಸ್ತಿ: ಭಾಗವು ತಾನಾಗಿ ಕೆಡುವವರೆಗೂ ಬಳಸಿ, ನಂತರ ರಿಪೇರಿ ಮಾಡಿಸುವುದು.

2. ಅವಧಿ ನಿರ್ವಹಣೆ: ಕೆಡಲಿ, ಕೆಡದಿರಲಿ, ಇಷ್ಟು ಗಂಟೆ ಅಥವಾ ಇಷ್ಟು ತಿಂಗಳು ದುಡಿದ ಮೇಲೆ ಬದಲಾಯಿಸುವುದು. ಟ್ರ್ಯಾಕ್ಟರಿನ ಅವರ್ ಮೀಟರ್ ನೋಡಿ ಇಂಜಿನ್ ಆಯಿಲ್ ಬದಲಾಯಿಸುವುದು ಈ ಕ್ರಮಕ್ಕೆ ಉದಾಹರಣೆ.

3. ಲಕ್ಷಣ ನೋಡಿ ನಿರ್ವಹಣೆ: ಸದ್ದು, ಬಿಸಿ, ನಡುಕ, ಸೋರಿಕೆ, ವಾಸನೆ ಮುಂತಾದ ಸೂಚನೆಗಳನ್ನು ಆಗಾಗ ಪರೀಕ್ಷಿಸಿ, ಕೆಡುವ ಲಕ್ಷಣ ಕಂಡಾಗ ಬದಲಾಯಿಸುವುದು.

ಈ ಮೂರರಲ್ಲಿ ಒಂದೇ ಎಲ್ಲ ಕಡೆಗೂ ಉತ್ತಮ ಎಂದು ಹೇಳಲಾಗುವುದಿಲ್ಲ. ಭಾಗವು ಹೇಗೆ ಕೆಡುತ್ತದೆ, ಕೆಟ್ಟರೆ ಆಗುವ ನಷ್ಟವೆಷ್ಟು ಎಂಬುದರ ಮೇಲೆ ದಾರಿ ನಿರ್ಧಾರವಾಗುತ್ತದೆ.

ಅಣಕು ಪ್ರಯೋಗ ಎಂದರೇನು?

ನಿಜವಾದ ಯಂತ್ರದ ಮೇಲೆ ಮಾಡಲಾಗದ ಪರೀಕ್ಷೆಯನ್ನು ಅಂಕಿಗಳ ಮೇಲೆ ಮಾಡಿ ನೋಡುವುದಕ್ಕೆ ಇಂಗ್ಲಿಷಿನಲ್ಲಿ ಸಿಮ್ಯುಲೇಷನ್ ಎನ್ನುತ್ತಾರೆ. ನಾವು ಇದನ್ನು ಅಣಕು ಪ್ರಯೋಗ ಎಂದು ಕರೆಯೋಣ. ಯಂತ್ರವು ಹೇಗೆ ಕೆಡುತ್ತದೆ ಎಂಬುದನ್ನು ನಿಯಮಗಳಾಗಿ ಬರೆದು, ಅದೃಷ್ಟದ ಪಾಲನ್ನು ದಾಳ ಉರುಳಿಸಿದಂತೆ ತೀರ್ಮಾನಿಸಿ, ತಿಂಗಳ ಮೇಲೆ ತಿಂಗಳು ಲೆಕ್ಕ ನಡೆಸುತ್ತಾ ಹೋಗುವುದೇ ಈ ಪ್ರಯೋಗದ ತಿರುಳು.

ಇದರ ಹುಟ್ಟು ಸ್ವಾರಸ್ಯಕರವಾಗಿದೆ. 1946ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞರು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬರೇ ಆಡುವ ಇಸ್ಪೀಟಿನ ಆಟ ಆಡುತ್ತಿದ್ದರು. ಆಟ ಗೆಲ್ಲುವ ಸಾಧ್ಯತೆ ಎಷ್ಟೆಂದು ಗಣಿತದಿಂದ ಕಂಡುಹಿಡಿಯಲು ಹೊರಟು ಬಳಲಿದಾಗ, ನೂರಾರು ಸಲ ಆಡಿ ಗೆದ್ದದ್ದನ್ನು ಎಣಿಸಿದರೆ ಸಾಲದೆ ಎಂದು ಅವರಿಗೆ ಹೊಳೆಯಿತು. ಆಗ ತಾನೇ ವಿದ್ಯುನ್ಮಾನ ಗಣಕಯಂತ್ರಗಳು ಬಂದಿದ್ದವು. ಜಾನ್ ವಾನ್ ನಾಯ್‌ಮನ್ ಮೊದಲಾದವರೊಂದಿಗೆ ಸೇರಿ ಈ ವಿಚಾರವನ್ನು ಬೆಳೆಸಲಾಯಿತು. ಜೂಜಿಗೆ ಹೆಸರಾದ ಊರಿನ ನೆನಪಿಗೆ ಇದಕ್ಕೆ ಮಾಂಟೆ ಕಾರ್ಲೊ ವಿಧಾನವೆಂದು ಹೆಸರಾಯಿತು. ನಿಕೊಲಸ್ ಮೆಟ್ರೊಪೊಲಿಸ್ ಮತ್ತು ಉಲಾಮ್ ಇದರ ಬಗ್ಗೆ 1949ರಲ್ಲಿ ಲೇಖನ ಪ್ರಕಟಿಸಿದರು.

ಗಣಕಯಂತ್ರವಿಲ್ಲದೆಯೂ ಈ ಪ್ರಯೋಗವನ್ನು ಜಗಲಿಯ ಮೇಲೆ ಮಾಡಿ ನೋಡಬಹುದು. ಬೇಕಾದುದು ಒಂದು ದಾಳ, ಒಂದು ನೋಟುಪುಸ್ತಕ, ಒಂದು ಪೆನ್ಸಿಲ್. ಚೌಕಾಬಾರದ ಕವಡೆ ಇದಕ್ಕೆ ಒಗ್ಗದು. ಕವಡೆ ಚೆಲ್ಲಿದಾಗ ಎಲ್ಲ ಅಂಕಿಗಳೂ ಸಮನಾಗಿ ಬೀಳುವುದಿಲ್ಲ. ಆರು ಮುಖದ ದಾಳವೇ ಆಗಬೇಕು.

ಮೊದಲ ಆಟ: ಸವೆದು ಕೆಡುವ ಭಾಗ

ದಿನವೂ ದುಡಿಯುವ ಒಂದು ಯಂತ್ರದ ವಿ-ಬೆಲ್ಟನ್ನು ತೆಗೆದುಕೊಳ್ಳೋಣ. ಬೆಲ್ಟು ಹಳೆಯದಾದಷ್ಟೂ ಹರಿಯುವ ಸಂಭವ ಹೆಚ್ಚು. ಇದನ್ನು ಹೀಗೆ ನಿಯಮ ಮಾಡಬಹುದು.

ಅ) ತಿಂಗಳ ಕೊನೆಗೆ ಒಮ್ಮೆ ದಾಳ ಉರುಳಿಸಬೇಕು. ಬಿದ್ದ ಅಂಕಿ ಬೆಲ್ಟಿನ ತಿಂಗಳುಗಳ ವಯಸ್ಸಿಗಿಂತ ಕಡಿಮೆಯಾದರೆ ಬೆಲ್ಟು ಹರಿಯಿತು ಎಂದು ತಿಳಿಯಬೇಕು. ಮೊದಲ ತಿಂಗಳು ಹರಿಯುವುದೇ ಇಲ್ಲ. ಎರಡನೆಯ ತಿಂಗಳು 1 ಬಿದ್ದರೆ ಹರಿಯುತ್ತದೆ. ಮೂರನೆಯ ತಿಂಗಳು 1 ಅಥವಾ 2 ಬಿದ್ದರೆ ಹರಿಯುತ್ತದೆ. ಏಳನೆಯ ತಿಂಗಳು ಹರಿಯುವುದು ಖಚಿತ.

ಆ) ಹರಿಯುವ ಮೊದಲೇ, ಬಿಡುವಿನ ವೇಳೆಯಲ್ಲಿ ಬದಲಾಯಿಸಿದರೆ ಬೆಲ್ಟು ಮತ್ತು ಕೂಲಿ ಸೇರಿ ಖರ್ಚು ರೂ. 500.

ಇ) ಕೆಲಸದ ನಡುವೆ ಹರಿದರೆ ಅದೇ ರೂ. 500 ಅಲ್ಲದೆ ನಿಂತ ಕೆಲಸದ ನಷ್ಟ ರೂ. 1,500 ಸೇರಿ ಒಟ್ಟು ರೂ. 2,000.

ಈ ಅಂಕಿಗಳು ಆಟಕ್ಕಾಗಿ ಇಟ್ಟುಕೊಂಡವು. ನಿಮ್ಮ ಯಂತ್ರದ ಅಂಕಿಗಳು ಬೇರೆಯಿರುತ್ತವೆ.

ಈಗ ಇಬ್ಬರು ರೈತರಿದ್ದಾರೆಂದು ಭಾವಿಸೋಣ. ಮೊದಲನೆಯವರು ಬೆಲ್ಟು ಹರಿಯುವವರೆಗೂ ಬದಲಾಯಿಸುವುದಿಲ್ಲ. ಎರಡನೆಯವರು ಹರಿಯದಿದ್ದರೂ ಎರಡು ತಿಂಗಳಿಗೊಮ್ಮೆ ಬದಲಾಯಿಸುತ್ತಾರೆ. ಹನ್ನೆರಡು ತಿಂಗಳಿಗೆ ದಾಳ ಹೀಗೆ ಬಿತ್ತೆನ್ನೋಣ: 3, 5, 2, 6, 4, 1, 3, 2, 5, 1, 4, 6. ಇದೇ ದಾಳ ಇಬ್ಬರಿಗೂ ಅನ್ವಯ.

ಮೊದಲನೆಯವರ ಬೆಲ್ಟು ಮೂರು, ಆರು ಮತ್ತು ಹತ್ತನೆಯ ತಿಂಗಳುಗಳಲ್ಲಿ ಹರಿಯಿತು. ಮೂರು ಸಲಕ್ಕೆ ಖರ್ಚು ರೂ. 6,000. ಎರಡನೆಯವರ ಬೆಲ್ಟು ಆರು ಮತ್ತು ಹತ್ತನೆಯ ತಿಂಗಳುಗಳಲ್ಲಿ ಹರಿಯಿತು. ಉಳಿದ ನಾಲ್ಕು ಸಲ ಅವರೇ ಬದಲಾಯಿಸಿದರು. ಎರಡು ಸಲ ಹರಿದದ್ದಕ್ಕೆ ರೂ. 4,000, ನಾಲ್ಕು ಬದಲಾವಣೆಗೆ ರೂ. 2,000, ಒಟ್ಟು ರೂ. 6,000.

ಇಬ್ಬರ ಖರ್ಚೂ ಒಂದೇ! "ಇಷ್ಟು ಶ್ರದ್ಧೆಯಿಂದ ನೋಡಿಕೊಂಡು ನೀನು ಕಂಡ ಲಾಭವೇನಪ್ಪ?" ಎಂದು ಮೊದಲನೆಯವರು ನಕ್ಕರೆ ಎರಡನೆಯವರ ಬಳಿ ಉತ್ತರವಿಲ್ಲ. ನಮ್ಮ ಹಳ್ಳಿಗಳಲ್ಲಿ ನಡೆಯುವುದೂ ಇದೇ. ಒಂದು ವರ್ಷದ ಫಲ ನೋಡಿ ಒಂದು ಕ್ರಮವನ್ನು ಹೊಗಳುತ್ತೇವೆ, ಇನ್ನೊಂದನ್ನು ತೆಗಳುತ್ತೇವೆ. ಒಂದು ವರ್ಷದಲ್ಲಿ ಅದೃಷ್ಟದ ಕೈವಾಡ ಅಷ್ಟು ದೊಡ್ಡದು.

ಗಣಕಯಂತ್ರ ತೋರಿಸುವ ಫಲ

ಇದೇ ಆಟವನ್ನು ಸಾವಿರಾರು ವರ್ಷಗಳಷ್ಟು ಆಡಿದರೆ ಅದೃಷ್ಟವು ಎರಡೂ ಕಡೆಗೆ ಸಮನಾಗಿ ಹಂಚಿಹೋಗಿ, ಕ್ರಮದ ಗುಣ ಮಾತ್ರ ಉಳಿಯುತ್ತದೆ. ಕೈಯಿಂದ ಇದು ಆಗದ ಮಾತು. ಗಣಕಯಂತ್ರ ಇದನ್ನು ಕ್ಷಣಮಾತ್ರದಲ್ಲಿ ಮಾಡುತ್ತದೆ. ಬಹುಕಾಲದ ಸರಾಸರಿಯನ್ನು 60 ತಿಂಗಳಿಗೆ, ಎಂದರೆ ಐದು ವರ್ಷಕ್ಕೆ ಇಳಿಸಿದಾಗ ಬರುವ ಖರ್ಚು ಹೀಗಿದೆ.

ಪ್ರತಿ ತಿಂಗಳು ಬದಲಾಯಿಸಿದರೆ: ರೂ. 30,000
ಎರಡು ತಿಂಗಳಿಗೊಮ್ಮೆ ಬದಲಾಯಿಸಿದರೆ: ರೂ. 22,500
ಮೂರು ತಿಂಗಳಿಗೊಮ್ಮೆ ಬದಲಾಯಿಸಿದರೆ: ಸುಮಾರು ರೂ. 24,700
ನಾಲ್ಕು ತಿಂಗಳಿಗೊಮ್ಮೆ ಬದಲಾಯಿಸಿದರೆ: ಸುಮಾರು ರೂ. 28,000
ಹರಿಯುವವರೆಗೂ ಬಿಟ್ಟರೆ: ಸುಮಾರು ರೂ. 31,800

ಇದರಿಂದ ಎರಡು ಸಂಗತಿಗಳು ತಿಳಿದುಬರುತ್ತವೆ. ಮೊದಲನೆಯದಾಗಿ, ಎರಡನೆಯ ರೈತರ ಕ್ರಮವೇ ಸರಿ. ಐದು ವರ್ಷದಲ್ಲಿ ಅವರಿಗೆ ಸುಮಾರು ರೂ. 9,300 ಉಳಿಯುತ್ತದೆ. ಎರಡನೆಯದಾಗಿ, ಅತಿ ಎಚ್ಚರಿಕೆಯೂ ದುಬಾರಿಯೇ. ಪ್ರತಿ ತಿಂಗಳು ಬದಲಾಯಿಸುವವರು ಒಂದು ದಿನವೂ ಕೆಲಸ ನಿಲ್ಲಿಸದಿದ್ದರೂ, ಏನನ್ನೂ ಮಾಡದವರಷ್ಟೇ ಹಣ ಕಳೆದುಕೊಳ್ಳುತ್ತಾರೆ.

ಇನ್ನೊಂದು ಪ್ರಶ್ನೆಯನ್ನೂ ಇದೇ ಆಟದಿಂದ ಪರೀಕ್ಷಿಸಬಹುದು. ಕೆಲಸವಿಲ್ಲದ ಬಿಡುವಿನ ಕಾಲದಲ್ಲಿ ಬೆಲ್ಟು ಹರಿದರೆ ನಷ್ಟ ಕಡಿಮೆ. ಆಗ ಒಟ್ಟು ಖರ್ಚು ರೂ. 2,000ದ ಬದಲು ರೂ. 700 ಮಾತ್ರ ಎಂದಿಟ್ಟುಕೊಂಡು ಮತ್ತೆ ಲೆಕ್ಕ ಮಾಡಿದರೆ ಫಲ ತಿರುಗಿ ಬೀಳುತ್ತದೆ. ಹರಿಯುವವರೆಗೂ ಬಿಟ್ಟರೆ 60 ತಿಂಗಳಿಗೆ ಸುಮಾರು ರೂ. 11,100, ಎರಡು ತಿಂಗಳಿಗೊಮ್ಮೆ ಬದಲಾಯಿಸಿದರೆ ರೂ. 16,000. ಬೆಲ್ಟು ಅದೇ, ಯಂತ್ರವೂ ಅದೇ. ನಷ್ಟ ಬದಲಾದಾಗ ಸರಿಯಾದ ದಾರಿಯೂ ಬದಲಾಯಿತು. ಆದ್ದರಿಂದಲೇ ಹಂಗಾಮಿಗೆ ಮುಂಚೆ ಯಂತ್ರವನ್ನು ಪೂರ್ತಿ ಪರೀಕ್ಷಿಸಿ ಸವೆದ ಭಾಗಗಳನ್ನು ಬದಲಾಯಿಸಬೇಕೆಂದು ತಜ್ಞರು ಒತ್ತಿ ಹೇಳುವುದು.

ಎರಡನೆಯ ಆಟ: ವಯಸ್ಸಿಗೆ ಸಂಬಂಧವಿಲ್ಲದ ಕೆಡುಕು

ಎಲ್ಲ ಭಾಗಗಳೂ ಸವೆದೇ ಕೆಡುವುದಿಲ್ಲ. ಟೈರಿಗೆ ಮುಳ್ಳು ಚುಚ್ಚುವಾಗ ಅದು ಹೊಸದೋ ಹಳೆಯದೋ ಎಂದು ನೋಡುವುದಿಲ್ಲ. ಮೂರು ಫೇಸಿನ ಮೋಟಾರಿಗೆ ಒಂದು ಫೇಸ್ ತಪ್ಪಿದರೆ ಹೊಸ ಮೋಟಾರೂ ಸುಟ್ಟುಹೋಗುತ್ತದೆ. ಮೇವು ಕತ್ತರಿಸುವ ಯಂತ್ರಕ್ಕೆ ಕಲ್ಲು ಸಿಕ್ಕರೆ ನಿನ್ನೆ ಹಾಕಿದ ಕತ್ತಿಯೂ ಮುರಿಯುತ್ತದೆ.

ಇಂತಹ ಭಾಗಕ್ಕೆ ನಿಯಮ ಹೀಗೆ: ವಯಸ್ಸು ಎಷ್ಟೇ ಇರಲಿ, 1 ಬಿದ್ದರೆ ಕೆಟ್ಟಿತು. ಖರ್ಚು ಮೊದಲಿನಂತೆಯೇ ರೂ. 500 ಮತ್ತು ರೂ. 2,000. ಈಗ ಫಲ ನೋಡಿ. ಕೆಡುವವರೆಗೂ ಬಿಟ್ಟರೆ 60 ತಿಂಗಳಿಗೆ ಸರಾಸರಿ ರೂ. 20,000. ಎರಡು ತಿಂಗಳಿಗೊಮ್ಮೆ ಬದಲಾಯಿಸಿದರೆ ಸುಮಾರು ರೂ. 31,400. ಬದಲಾಯಿಸಿದ್ದರಿಂದ ಒಂದು ಸಲವೂ ಕೆಡುವುದು ತಪ್ಪಲಿಲ್ಲ. ಹಾಕಿದ ದುಡ್ಡೆಲ್ಲ ವ್ಯರ್ಥ. ಇಂತಹ ಕಡೆ ಮಾಡಬೇಕಾದುದು ಬದಲಾವಣೆಯಲ್ಲ, ರಕ್ಷಣೆ. ಮೋಟಾರಿಗೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಅಳವಡಿಸುವುದು, ಫುಟ್ ವಾಲ್ವಿಗೆ ಜಾಲರಿ ಹಾಕುವುದು, ಮೇವಿನಲ್ಲಿ ಕಲ್ಲು ಕಡ್ಡಿ ಆರಿಸುವುದು, ಒಂದು ಹೆಚ್ಚುವರಿ ಟ್ಯೂಬು ಮನೆಯಲ್ಲಿಟ್ಟುಕೊಳ್ಳುವುದು ಈ ರಕ್ಷಣೆಯ ಬಗೆಗಳು.

ವಿಮಾನ ಕಂಪನಿಗಳೂ ಈ ಪಾಠವನ್ನು ಕಲಿಯಬೇಕಾಯಿತು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ ಸ್ಟ್ಯಾನ್ಲಿ ನೌಲನ್ ಮತ್ತು ಹೊವರ್ಡ್ ಹೀಪ್ 1978ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪರಿಶೀಲಿಸಿದ ವಿಮಾನದ ಭಾಗಗಳಲ್ಲಿ ಶೇ. 11ರಷ್ಟು ಮಾತ್ರ ವಯಸ್ಸಾದಂತೆ ಹೆಚ್ಚು ಕೆಡುತ್ತಿದ್ದವು. ಉಳಿದ ಶೇ. 89ರಷ್ಟಕ್ಕೆ ವಯಸ್ಸಿನ ಮಿತಿ ಹಾಕಿ ಬದಲಾಯಿಸುವುದರಿಂದ ಪ್ರಯೋಜನವಿರಲಿಲ್ಲ. ಈ ಅಂಕಿಯನ್ನು ಹಾಗೆಯೇ ನೇಗಿಲಿಗೂ ಟ್ರ್ಯಾಕ್ಟರಿಗೂ ಅನ್ವಯಿಸಬಾರದು. ಮಣ್ಣು, ಧೂಳು, ಕೆಸರಿನೊಂದಿಗೆ ಉಜ್ಜಾಡುವ ಕೃಷಿ ಯಂತ್ರಗಳಲ್ಲಿ ಸವೆತ ಬಹಳ. ನೇಗಿಲ ಕುಳ, ಬೆಲ್ಟು, ಟೈರು, ಪಿಸ್ಟನ್ ರಿಂಗುಗಳು ವಯಸ್ಸಾದಂತೆ ಕೆಡುವ ಜಾತಿಗೆ ಸೇರಿದವು. ಆದರೆ ಯಾವ ಭಾಗ ಯಾವ ಜಾತಿಗೆ ಸೇರಿದ್ದು ಎಂದು ಮೊದಲು ಕೇಳಬೇಕೆಂಬ ಪಾಠ ಎಲ್ಲ ಯಂತ್ರಗಳಿಗೂ ಒಂದೇ.

ಬಿಚ್ಚಿ ಕೂಡಿಸುವುದರಿಂದಲೂ ಕೆಡುಕು

ಮೂರನೆಯ ಜಾತಿಯೊಂದಿದೆ: ಹೊಸದಾಗಿ ಹಾಕಿದಾಗಲೇ ಕೆಡುವುದು. ಬೋಲ್ಟು ಸರಿಯಾಗಿ ಬಿಗಿಯದಿರುವುದು, ಬೇರಿಂಗಿಗೆ ಧೂಳು ಸೇರುವುದು, ಬೆಲ್ಟು ಓರೆಯಾಗಿ ಕೂರುವುದು ಮುಂತಾದ ತಪ್ಪುಗಳಿಂದ ರಿಪೇರಿಯಾದ ಯಂತ್ರವೇ ಮರುದಿನ ನಿಲ್ಲುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಕರಾವಳಿ ವಾಯುಪಡೆಯ ವಿಮಾನಗಳ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದರು. ನಿಗದಿತ ತಪಾಸಣೆ ಮುಗಿದ ಕೂಡಲೇ ರಿಪೇರಿಗಳ ಸಂಖ್ಯೆ ಕಡಿಮೆಯಾಗಬೇಕಿತ್ತು. ಅದರ ಬದಲು ಹೆಚ್ಚಾಗಿ, ನಂತರ ನಿಧಾನವಾಗಿ ಇಳಿಯುತ್ತಿತ್ತು. ಚೆನ್ನಾಗಿದ್ದುದನ್ನು ಬಿಚ್ಚಿ ಕದಲಿಸಿದ್ದೇ ಇದಕ್ಕೆ ಕಾರಣವೆಂದು ತಿಳಿದು, ತಪಾಸಣೆಯ ಕ್ರಮವನ್ನೇ ಬದಲಾಯಿಸಲಾಯಿತು. ಈ ತಂಡದಲ್ಲಿದ್ದ ಜೀವವಿಜ್ಞಾನಿ ಕಾನ್ರಾಡ್ ವ್ಯಾಡಿಂಗ್ಟನ್ 1973ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ನಮಗೆ ಇದರಿಂದ ತಿಳಿಯುವುದಿಷ್ಟೇ: ಕಾರಣವಿಲ್ಲದೆ ಯಂತ್ರವನ್ನು ಬಿಚ್ಚಬಾರದು. ಬಿಚ್ಚಿ ಕೂಡಿಸಿದ ಮೇಲೆ ಹೊಲಕ್ಕೆ ಒಯ್ಯುವ ಮೊದಲು ಮನೆಯ ಬಳಿಯೇ ಸ್ವಲ್ಪ ಹೊತ್ತು ಓಡಿಸಿ ನೋಡಬೇಕು.

ಮೂರನೆಯ ಆಟ: ನೋಡುವ ಕಣ್ಣಿನ ಬೆಲೆ

ಬದಲಾಯಿಸುವುದಕ್ಕೂ ಬಿಚ್ಚುವುದಕ್ಕೂ ಮೊದಲು ಮಾಡಬಹುದಾದ ಇನ್ನೊಂದು ಕೆಲಸವಿದೆ. ಅದು ಬರೀ ನೋಡುವುದು. ಬೆಲ್ಟು ಒಮ್ಮೆಲೇ ಹರಿಯುವುದು ಕಡಿಮೆ. ಮೊದಲು ಅಂಚಿನಲ್ಲಿ ಬಿರುಕು ಬಿಡುತ್ತದೆ, ಎಳೆ ಏಳುತ್ತದೆ, ಜಾರಿ ಕೀರಲು ಸದ್ದು ಮಾಡುತ್ತದೆ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಬೇರಿಂಗು ಕೆಡುವ ಮುನ್ನ ಬಿಸಿಯಾಗುತ್ತದೆ, ಗೊರಗೊರ ಸದ್ದು ಮಾಡುತ್ತದೆ. ಈ ಲಕ್ಷಣಗಳನ್ನು ಕಾಣುವ ಅಭ್ಯಾಸಕ್ಕೆ ಬೆಲೆ ಕಟ್ಟಲು ಮೊದಲ ಆಟಕ್ಕೆ ಒಂದು ನಿಯಮ ಸೇರಿಸೋಣ.

ಪ್ರತಿ ತಿಂಗಳು ಪರೀಕ್ಷೆಗೆ ತಗಲುವ ಸಮಯಕ್ಕೆ ರೂ. 40 ಎಂದಿಡೋಣ. ಅವಧಿಗೆ ಮುಂಚೆ ಬದಲಾಯಿಸುವ ಕ್ರಮ ಇಲ್ಲ. ದಾಳದ ಪ್ರಕಾರ ಬೆಲ್ಟು ಹರಿಯಬೇಕಾದಾಗ ಇನ್ನೊಮ್ಮೆ ದಾಳ ಉರುಳಿಸಬೇಕು. 1ರಿಂದ 4ರವರೆಗೆ ಬಿದ್ದರೆ ಲಕ್ಷಣ ಮೊದಲೇ ಕಣ್ಣಿಗೆ ಬಿತ್ತು, ಬಿಡುವಿನಲ್ಲಿ ಬದಲಾಯಿಸಲಾಯಿತು, ಖರ್ಚು ರೂ. 500. 5 ಅಥವಾ 6 ಬಿದ್ದರೆ ಲಕ್ಷಣ ತಪ್ಪಿಹೋಯಿತು, ಖರ್ಚು ರೂ. 2,000.

60 ತಿಂಗಳಿಗೆ ಸರಾಸರಿ ಒಟ್ಟು ಖರ್ಚು ಸುಮಾರು ರೂ. 18,300. ಇದು ಎರಡು ತಿಂಗಳಿಗೊಮ್ಮೆ ಬದಲಾಯಿಸುವುದಕ್ಕಿಂತಲೂ ಕಡಿಮೆ. ಮೂರರಲ್ಲಿ ಒಂದು ಸಲ ಲಕ್ಷಣ ಕಣ್ಣು ತಪ್ಪಿದರೂ, ನೋಡುವ ಅಭ್ಯಾಸ ಲಾಭವನ್ನೇ ತಂದಿತು.

ಒಂದು ಎಚ್ಚರಿಕೆ: ಬೆಲ್ಟು, ಪುಲ್ಲಿ, ಬೇರಿಂಗುಗಳನ್ನು ಕೈಯಿಂದ ಮುಟ್ಟಿ ಪರೀಕ್ಷಿಸುವಾಗ ಯಂತ್ರ ಪೂರ್ತಿ ನಿಂತಿರಬೇಕು. ಮೋಟಾರಾದರೆ ಮೇನ್ ಸ್ವಿಚ್ ತೆಗೆದಿರಬೇಕು. ತೆಗೆದ ರಕ್ಷಣಾ ಕವಚವನ್ನು ಮತ್ತೆ ಹಾಕದೆ ಯಂತ್ರವನ್ನು ಚಾಲೂ ಮಾಡಬಾರದು.

ದೊಡ್ಡ ಕಾರ್ಖಾನೆಯೊಂದು ಕಲಿತ ಪಾಠ

ಅಣಕು ಪ್ರಯೋಗದಿಂದ ಜನರಿಗೆ ನಿರ್ವಹಣೆಯನ್ನು ಕಲಿಸಿದ ಹೆಸರುವಾಸಿ ಉದಾಹರಣೆ ಅಮೆರಿಕದ ಡುಪಾಂಟ್ ಎಂಬ ರಾಸಾಯನಿಕ ಕಂಪನಿಯದು. 1991ರಲ್ಲಿ ಈ ಕಂಪನಿ ತನ್ನ ಕಾರ್ಖಾನೆಗಳನ್ನು ಉತ್ತಮವೆನಿಸಿದ ಇತರ ಕಂಪನಿಗಳೊಂದಿಗೆ ಹೋಲಿಸಿ ನೋಡಿತು. ನಿರ್ವಹಣೆಗೆ ಅದು ಇತರರಿಗಿಂತ ಶೇ. 10ರಿಂದ 30ರಷ್ಟು ಹೆಚ್ಚು ಖರ್ಚು ಮಾಡುತ್ತಿತ್ತು; ಆದರೂ ಅದರ ಯಂತ್ರಗಳು ದುಡಿಯುವ ಕಾಲ ಶೇ. 10ರಿಂದ 15ರಷ್ಟು ಕಡಿಮೆಯಿತ್ತು. ಮೆಕ್ಯಾನಿಕ್‌ಗಳು ಹೆಚ್ಚಿದ್ದರೂ ಅವರಿಗೆ ಓವರ್‌ಟೈಮ್ ತಪ್ಪುತ್ತಿರಲಿಲ್ಲ. ಉಗ್ರಾಣದಲ್ಲಿ ಬಿಡಿಭಾಗಗಳು ತುಂಬಿದ್ದರೂ ಬೇಕಾದುದನ್ನು ತುರ್ತಾಗಿ ತರಿಸಬೇಕಾಗುತ್ತಿತ್ತು.

ವಿನ್‌ಸ್ಟನ್ ಲೆಡೆಟ್ ಮತ್ತು ಅವರ ಸಂಗಡಿಗರು ಇದರ ಕಾರಣವನ್ನು ಗಣಕಯಂತ್ರದ ಮಾದರಿಯೊಂದರಿಂದ ಹುಡುಕಿದರು. ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಜೇ ಫಾರೆಸ್ಟರ್ 1950ರ ದಶಕದಿಂದ ಬೆಳೆಸಿದ ಸಿಸ್ಟಮ್ ಡೈನಾಮಿಕ್ಸ್ ಎಂಬ ವಿಧಾನವನ್ನು ಇದಕ್ಕೆ ಬಳಸಲಾಯಿತು. ಮಾದರಿ ತೋರಿಸಿದ ಸುಳಿ ಹೀಗಿತ್ತು. ಖರ್ಚು ಉಳಿಸಲು ಯೋಜಿತ ನಿರ್ವಹಣೆಯನ್ನು ಕಡಿಮೆ ಮಾಡುತ್ತಾರೆ. ಕೆಲವು ಕಾಲ ಏನೂ ಆಗುವುದಿಲ್ಲ, ಉಳಿತಾಯವೇ ಕಾಣುತ್ತದೆ. ನಂತರ ಯಂತ್ರಗಳು ಹೆಚ್ಚಾಗಿ ಕೆಡತೊಡಗುತ್ತವೆ. ಕೆಟ್ಟದ್ದನ್ನು ತುರ್ತಾಗಿ ಸರಿಪಡಿಸಲು ಮೆಕ್ಯಾನಿಕ್‌ಗಳೆಲ್ಲ ಓಡುತ್ತಾರೆ; ಯೋಜಿತ ಕೆಲಸಕ್ಕೆ ಜನವೇ ಉಳಿಯುವುದಿಲ್ಲ. ತುರ್ತಿನಲ್ಲಿ ಮಾಡಿದ ರಿಪೇರಿ ಅರೆಬರೆಯಾಗಿ ಮತ್ತೆ ಕೆಡುತ್ತದೆ. ಒಂದು ಕಡೆಯ ಸೋರಿಕೆ ಪಕ್ಕದ ಬೇರಿಂಗನ್ನು ಕೆಡಿಸುತ್ತದೆ. ಹೀಗೆ ಕೆಡುಕೇ ಕೆಡುಕನ್ನು ಹೆರುತ್ತಾ ಹೋಗುತ್ತದೆ.

ಇದರಿಂದ ಹೊರಬರುವುದೇಕೆ ಕಷ್ಟವೆಂಬುದನ್ನೂ ಮಾದರಿ ತೋರಿಸಿತು. ಯೋಜಿತ ನಿರ್ವಹಣೆಯನ್ನು ಹೊಸದಾಗಿ ಆರಂಭಿಸಿದಾಗ ಓಡುತ್ತಿರುವ ಯಂತ್ರಗಳನ್ನೂ ನಿಲ್ಲಿಸಬೇಕು. ಹಳೆಯ ತುರ್ತು ರಿಪೇರಿಗಳೂ ನಿಂತಿರುವುದಿಲ್ಲ. ಆದ್ದರಿಂದ ಮೊದಲಿಗೆ ಖರ್ಚು ಏರುತ್ತದೆ, ಉತ್ಪಾದನೆ ಇಳಿಯುತ್ತದೆ. ಲಾಭ ಬರುವುದು ತಡವಾಗಿ. ಆ ಹೊತ್ತಿಗೆ "ಇದರಿಂದ ಏನೂ ಆಗಲಿಲ್ಲ" ಎಂದು ಹಲವರು ಕೈಬಿಟ್ಟಿರುತ್ತಾರೆ.

ಲೆಡೆಟ್ ಅವರಿಗೆ ಇನ್ನೊಂದು ವಿಷಯ ಸ್ಪಷ್ಟವಾಯಿತು. ಗಣಕಯಂತ್ರದ ನಕ್ಷೆಗಳನ್ನು ತೋರಿಸಿದ ಮಾತ್ರಕ್ಕೆ ಕಾರ್ಖಾನೆಯ ಕೆಲಸಗಾರರಾಗಲಿ ಮೇಲ್ವಿಚಾರಕರಾಗಲಿ ನಂಬುವುದಿಲ್ಲ. ಆದ್ದರಿಂದ ಮಾದರಿಯನ್ನು ಮೇಜಿನ ಮೇಲೆ ಆಡುವ ಆಟವಾಗಿ ಮಾರ್ಪಡಿಸಿದರು. ಒಬ್ಬರು ಉತ್ಪಾದನೆಯನ್ನೂ, ಒಬ್ಬರು ನಿರ್ವಹಣೆಯನ್ನೂ, ಒಬ್ಬರು ಬಿಡಿಭಾಗಗಳನ್ನೂ ವಹಿಸಿಕೊಂಡು ಆಡಬೇಕು. ಆಟದಲ್ಲಿ ವರ್ಷಗಳು ಗಂಟೆಗಳಲ್ಲಿ ಕಳೆಯುತ್ತವೆ. ಮೊದಲಿನ ಕಷ್ಟವನ್ನು ತಾಳಿಕೊಂಡು ನಿಂತವರು ಕೊನೆಗೆ ಮುಂದಾಗುವುದನ್ನು ಎಲ್ಲರೂ ಕಣ್ಣಾರೆ ಕಾಣುತ್ತಾರೆ. ಒಹಾಯೊ ರಾಜ್ಯದ ಲೈಮಾದಲ್ಲಿದ್ದ ತೈಲ ಶುದ್ಧೀಕರಣ ಕಾರ್ಖಾನೆಯ ಕೆಲಸಗಾರರೂ ಈ ಆಟ ಆಡಿ, ಪಂಪುಗಳ ಸಣ್ಣಪುಟ್ಟ ದೋಷಗಳನ್ನು ತಾವೇ ಹುಡುಕಿ ಸರಿಪಡಿಸತೊಡಗಿದರು. ಮುಚ್ಚುವ ಭೀತಿಯಲ್ಲಿದ್ದ ಆ ಕಾರ್ಖಾನೆಯನ್ನು 1998ರಲ್ಲಿ ಬೇರೊಂದು ಕಂಪನಿ ಕೊಂಡು ಮುಂದುವರಿಸಿತು. ಕಾರ್ಖಾನೆ ಉಳಿದದ್ದಕ್ಕೆ ಆಟವೊಂದೇ ಕಾರಣವೆನ್ನಲಾಗದು. ಆದರೆ ಯಂತ್ರಗಳು ಸರಿಯಾಗಿ ನಡೆಯದ ಕಾರ್ಖಾನೆಯನ್ನು ಕೊಳ್ಳುವವರು ಯಾರು?

ಕರ್ನಾಟಕದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯಂತಹ ಬಾಡಿಗೆ ಕೇಂದ್ರಗಳಿಗೆ ಈ ಪಾಠ ನೇರವಾಗಿ ಒಪ್ಪುತ್ತದೆ. ಹಂಗಾಮಿನಲ್ಲಿ ಬೇಡಿಕೆ ಹೆಚ್ಚೆಂದು ಯಂತ್ರಗಳನ್ನು ಬಿಡುವಿಲ್ಲದೆ ಓಡಿಸಿ ಸರ್ವಿಸ್ ಮುಂದೂಡಿದರೆ, ಡುಪಾಂಟ್ ಸಿಕ್ಕಿದ ಸುಳಿಗೇ ಸಿಕ್ಕಬೇಕಾಗುತ್ತದೆ. ಗುಂಪಾಗಿ ಯಂತ್ರ ಕೊಂಡಿರುವ ರೈತರೂ ಇದನ್ನು ಗಮನದಲ್ಲಿಡಬೇಕು. ಎಲ್ಲರ ಯಂತ್ರಕ್ಕೆ ಗ್ರೀಸ್ ಹಚ್ಚುವವರು ಯಾರೆಂಬುದು ಮೊದಲೇ ತೀರ್ಮಾನವಾಗದಿದ್ದರೆ, ಯಾರೂ ಹಚ್ಚುವುದಿಲ್ಲ.

ನಿಮ್ಮ ಯಂತ್ರಕ್ಕೆ ಲೆಕ್ಕ ಹಾಕುವ ಕ್ರಮ

1. ಪ್ರತಿ ಯಂತ್ರಕ್ಕೂ ಒಂದು ನೋಟುಪುಸ್ತಕ ಇಡಿ. ತಾರೀಖು, ಅವರ್ ಮೀಟರಿನ ಅಂಕಿ, ಕೆಟ್ಟ ಭಾಗ, ರಿಪೇರಿ ಖರ್ಚು, ಕೆಲಸ ನಿಂತ ದಿನಗಳು ಇವಿಷ್ಟನ್ನು ತಪ್ಪದೆ ಬರೆಯಿರಿ. ಬರವಣಿಗೆಯಿಲ್ಲದೆ ಯಾವ ಗಣಕಯಂತ್ರವೂ ನೆರವಾಗದು.

2. ಪದೇ ಪದೇ ಕೆಡುವ ಮೂರು ನಾಲ್ಕು ಭಾಗಗಳನ್ನು ಆರಿಸಿಕೊಳ್ಳಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ: ಹಳೆಯದಾದಂತೆ ಹೆಚ್ಚು ಕೆಡುತ್ತದೆಯೇ? ಹಂಗಾಮಿನಲ್ಲಿ ಕೆಟ್ಟರೆ ನಷ್ಟವೆಷ್ಟು? ಕೆಡುವ ಮುನ್ನ ಲಕ್ಷಣ ತೋರಿಸುತ್ತದೆಯೇ?

3. ಲಕ್ಷಣ ತೋರಿಸುವ ಭಾಗವನ್ನು ನಿಯಮಿತವಾಗಿ ಪರೀಕ್ಷಿಸಿ. ಲಕ್ಷಣ ತೋರಿಸದೆ, ಹಳೆಯದಾದಂತೆ ಕೆಡುವ, ನಷ್ಟ ಹೆಚ್ಚಿರುವ ಭಾಗವನ್ನು ಅವಧಿಗೆ ಸರಿಯಾಗಿ ಬದಲಾಯಿಸಿ. ವಯಸ್ಸಿಗೆ ಸಂಬಂಧವಿಲ್ಲದೆ ಕೆಡುವ ಭಾಗಕ್ಕೆ ರಕ್ಷಣೆ ಒದಗಿಸಿ, ಒಂದು ಹೆಚ್ಚುವರಿ ಭಾಗ ಇಟ್ಟುಕೊಳ್ಳಿ. ಕೆಟ್ಟರೂ ನಷ್ಟ ಅಲ್ಪವಾದ ಭಾಗವನ್ನು ಕೆಡುವವರೆಗೂ ಬಳಸಿ.

4. ಅವಧಿ ಎಷ್ಟಿರಬೇಕೆಂದು ತಿಳಿಯಲು ಮೇಲಿನ ಆಟವನ್ನು ನಿಮ್ಮ ಅಂಕಿಗಳಿಂದ ಆಡಿ. ಓದುವ ಮಕ್ಕಳು ಮನೆಯಲ್ಲಿದ್ದರೆ ಅವರ ನೆರವು ಪಡೆಯಿರಿ. ಸ್ಪ್ರೆಡ್‌ಶೀಟ್ ಎಂಬ ಲೆಕ್ಕದ ಹಾಳೆ ಇಂದು ಮೊಬೈಲಿನಲ್ಲೇ ಸಿಗುತ್ತದೆ. ಒಂದು ಸಾಲಿನಲ್ಲಿ ತಿಂಗಳು, ಪಕ್ಕದಲ್ಲಿ ಭಾಗದ ವಯಸ್ಸು, ಅದರ ಪಕ್ಕದಲ್ಲಿ 1ರಿಂದ 6ರೊಳಗೆ ತಾನಾಗಿ ಬೀಳುವ ಅಂಕಿ, ಕೊನೆಯಲ್ಲಿ ಖರ್ಚು ಬರುವಂತೆ ಸೂತ್ರ ಹಾಕಿ, ಅದನ್ನೇ ಸಾವಿರ ಸಾಲುಗಳಿಗೆ ಇಳಿಸಿದರೆ ಅದೇ ಅಣಕು ಪ್ರಯೋಗ.

5. ತಯಾರಕರು ಕೊಟ್ಟ ಕೈಪಿಡಿಯ ಸೂಚನೆಗಳನ್ನು ಆಟದ ಲೆಕ್ಕದಿಂದ ಬದಲಾಯಿಸಬಾರದು. ಇಂಜಿನ್ ಆಯಿಲ್ ಮತ್ತು ಏರ್ ಕ್ಲೀನರ್ ವಿಷಯದಲ್ಲಂತೂ ಕೈಪಿಡಿಯನ್ನೇ ಅನುಸರಿಸಬೇಕು. ಏರ್ ಕ್ಲೀನರ್ ಕೆಟ್ಟು ಧೂಳು ಒಳಗೆ ಹೋದರೆ ಪಿಸ್ಟನ್, ಲೈನರುಗಳು ಬೇಗ ಸವೆಯುತ್ತವೆ. ಆ ರಿಪೇರಿಯ ಮುಂದೆ ಉಳಿಸಿದ ಹಣ ಲೆಕ್ಕಕ್ಕೇ ಬಾರದು.

ಕೊನೆಯದಾಗಿ, ಅಣಕು ಪ್ರಯೋಗ ಭವಿಷ್ಯ ಹೇಳುವ ಶಾಸ್ತ್ರವಲ್ಲ. ನಿಮ್ಮ ಬೆಲ್ಟು ಯಾವ ದಿನ ಹರಿಯುವುದೆಂದು ಅದು ಹೇಳಲಾರದು. ಹಾಕಿದ ಅಂಕಿ ತಪ್ಪಾದರೆ ಬರುವ ಉತ್ತರವೂ ತಪ್ಪೇ. ಆದರೆ ಒಂದು ಜೀವಮಾನದಲ್ಲಿ ಕಾಣಲಾಗದಷ್ಟು ವರ್ಷಗಳನ್ನು ಅದು ಒಂದು ಸಂಜೆಯಲ್ಲಿ ಕಾಣಿಸುತ್ತದೆ. ಒಂದು ವರ್ಷ ನೆರೆಯವರು ಏನೂ ಮಾಡದೆ ಪಾರಾದರೆಂದು ನಿಮ್ಮ ಒಳ್ಳೆಯ ಕ್ರಮವನ್ನು ಬಿಡದಿರುವ ಧೈರ್ಯ ಕೊಡುತ್ತದೆ. ಮುಂದಿನ ಹಂಗಾಮಿಗೆ ಮುಂಚೆ ಒಂದು ಸಂಜೆ ಮನೆಮಂದಿ ಕೂತು ಈ ಆಟವನ್ನು ಆಡಿ ನೋಡಿ. ಮಾರನೆಯ ಬೆಳಿಗ್ಗೆ ನೋಟುಪುಸ್ತಕ ಹಿಡಿದು ಯಂತ್ರದ ಕೊಟ್ಟಿಗೆಗೆ ಹೋಗಿ. ಹದ ಬಂದ ದಿನ ನಿಮ್ಮ ಟ್ರ್ಯಾಕ್ಟರ್ ಹೊಲದಲ್ಲಿರಬೇಕೇ ಹೊರತು ಗ್ಯಾರೇಜಿನಲ್ಲಲ್ಲ.